ಹ್ಯಾಂಬರ್ಗ್‌ನ ಪುಟ್ಟ ರೈಲಿಗೆ ಊರಿನ ಸದ್ದು

ಹ್ಯಾಂಬರ್ಗ್‌ನಲ್ಲಿ 2001ರಲ್ಲಿ ಆರಂಭವಾದ ‘ಮಿನಿಯಾಟುರ್ ವುಂಡರ್‌ಲ್ಯಾಂಡ್’ ಜಗತ್ತಿನ ಅತಿ ದೊಡ್ಡ ಮಾದರಿ ರೈಲು ಲೋಕ. ಅಲ್ಲಿನ ರೈಲುಗಳು ಅಸಲಿ ಗಾತ್ರದ 87ನೇ ಒಂದು ಭಾಗ. ಅದನ್ನು ಕಂಡ ಮಕ್ಕಳ ಹಟಕ್ಕೆ, ಇಲ್ಲಿನ ಕನ್ನಡಿಗರಾದ ನಾವು ಮೇಜಿನ ಮೇಲೆ ಸಕಲೇಶಪುರ ಘಾಟಿ ಕಟ್ಟಿದ್ದೇವೆ.

ಎಂಜಿನ್ ಸದ್ದು ಎಂಜಿನ್ ಒಳಗಿನ ಸ್ಪೀಕರ್‌ನಿಂದಲೇ ಬಂದರೆ ಚೆಂದ. ಮಳೆ, ಜೀರುಂಡೆಗೆ ಹಲಗೆಯಡಿ ಇನ್ನೊಂದು ಸ್ಪೀಕರ್ ಸಾಕು, ದನಿ ಮೆಲ್ಲಗಿರಬೇಕು. ತುಣುಕು ಚಿಕ್ಕದಾದರೆ ಅದೇ ಹಕ್ಕಿ ಪದೇ ಪದೇ ಕೂಗಿ ಗುಟ್ಟು ರಟ್ಟಾಗುತ್ತದೆ. ರೈಲು ಬಂದಾಗಷ್ಟೇ ‘ಚಾಯ್, ಚಾಯ್’ ಕೇಳಿಸಲು ಹಳಿ ಬಳಿ ಸೆನ್ಸರ್ ಬೇಕು.

ಆದರೆ ಮಲೆನಾಡಿನ ಮಳೆ ಇಲ್ಲಿನ ಅಂಗಡಿಯಲ್ಲಿ ಸಿಗದು. ಊರಿನ ಅಜ್ಜ–ಅಜ್ಜಿಯರೇ, ಮೊಬೈಲ್‌ನಲ್ಲಿ ಮೂರು ನಿಮಿಷ ರೆಕಾರ್ಡ್ ಮಾಡಿ ಕಳಿಸಿ. ನಡುವೆ ನಿಮ್ಮ ಮಾತು ಕೇಳಿಬಂದರೂ ನಾವು ಅಳಿಸುವುದಿಲ್ಲ.