ಪ್ರನಾಳ ಶಿಶುವೂ ಜನನ ಸೂತಕವಿಲ್ಲದ ಧರ್ಮವೂ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಸಂತಾನಕ್ಕಾಗಿ ಹರಕೆ ಹೊರುವುದು ಹೊಸದೇನಲ್ಲ. ಭೀಮಾ-ಅಮರ್ಜಾ ಸಂಗಮದ ಗಾಣಗಾಪುರದಲ್ಲಿ ಅಶ್ವತ್ಥ ಸುತ್ತುವವರುಂಟು. ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೆ ಹೋಗುವವರುಂಟು. ಅರಳಗುಂಡಗಿಯಲ್ಲಿ ಜನಿಸಿದ ಶರಣಬಸವೇಶ್ವರರ ಕಲಬುರಗಿಯ ಗದ್ದುಗೆಯ ಮುಂದೆ ಉಡಿಯೊಡ್ಡುವವರೂ ಉಂಟು. ಈಗ ಇಂಥ ದಂಪತಿಗಳು ಕಲಬುರಗಿ, ಸೊಲ್ಲಾಪುರ, ಹೈದರಾಬಾದಿನ ಚಿಕಿತ್ಸಾ ಕೇಂದ್ರಗಳ ದಾರಿಯನ್ನೂ ಹಿಡಿಯುತ್ತಿದ್ದಾರೆ. ಆದರೆ ಹರಕೆಯನ್ನು ಊರಿಗೆಲ್ಲ ಹೇಳುವವರು ಚಿಕಿತ್ಸೆಯನ್ನು ಮಾತ್ರ ಮುಚ್ಚಿಡುತ್ತಾರೆ. ಈ ಗುಟ್ಟಿನ ಕಾರಣವನ್ನು ನಾವು ವಿಚಾರಿಸಬೇಕಾಗಿದೆ.

ಪ್ರನಾಳ ಶಿಶು ಎಂದರೆ ಗಾಜಿನ ನಳಿಕೆಯಲ್ಲಿ ಬೆಳೆದ ಮಗುವಲ್ಲ. ಸ್ತ್ರೀಯ ಅಂಡಾಣುವನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ವೀರ್ಯಾಣುವಿನೊಡನೆ ಕೂಡಿಸಿ, ಕೆಲವೇ ದಿನಗಳ ಭ್ರೂಣವನ್ನು ಗರ್ಭಾಶಯದಲ್ಲಿರಿಸುತ್ತಾರೆ. ಮುಂದಿನ ಒಂಬತ್ತು ತಿಂಗಳು ಎಲ್ಲ ಮಕ್ಕಳಂತೆಯೇ.

ಮಗುವಾಗದಿದ್ದರೆ ನಮ್ಮ ಹಳ್ಳಿಗಳಲ್ಲಿ ಮೊದಲ ಮಾತು ಸೊಸೆಗೇ ಬೀಳುತ್ತದೆ. ಕುಬಸಕ್ಕೆ ಅವಳನ್ನು ಕರೆಯುವುದಿಲ್ಲ, ಉಡಿ ತುಂಬುವಾಗ ಅವಳ ಕೈ ಬೇಡ. ಕೆಲವೊಮ್ಮೆ ಗಂಡನಿಗೆ ಎರಡನೆಯ ಮದುವೆಯ ಮಾತೂ ಏಳುತ್ತದೆ. ವೈದ್ಯಶಾಸ್ತ್ರ ಹೇಳುವುದಾದರೋ ಬೇರೆ: ಹೆಚ್ಚುಕಡಿಮೆ ಅರ್ಧದಷ್ಟು ದಂಪತಿಗಳಲ್ಲಿ ಪುರುಷನ ಕೊರತೆಯ ಪಾಲೂ ಇರುತ್ತದೆ. ಅವನ ಪರೀಕ್ಷೆ ಸುಲಭ, ಖರ್ಚೂ ಕಡಿಮೆ. ಆದರೂ ವರ್ಷಗಟ್ಟಲೆ ಔಷಧ ಸೇವಿಸುವವಳು, ಉಪವಾಸವಿರುವವಳು ಹೆಂಡತಿಯೇ. ಇದು ಅನ್ಯಾಯವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

ಸಮಾಜದ ಭಯ ನಮ್ಮ ಭಾಗಕ್ಕಷ್ಟೇ ಸೀಮಿತವಲ್ಲ. 1978ರ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಭಾರತದ ಮೊದಲ ಪ್ರನಾಳ ಶಿಶು ಜನಿಸಿದಾಗ, ಸಂಪ್ರದಾಯಸ್ಥ ಮನೆತನದ ಪೋಷಕರು ಹೆಸರು ಹೊರಬರಲು ಬಿಡಲಿಲ್ಲ. ಸರಕಾರ ನೇಮಿಸಿದ ಸಮಿತಿ ವೈದ್ಯರ ಮಾತನ್ನು ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಮುಂದೆ ವಿಜ್ಞಾನಿ ಟಿ. ಸಿ. ಆನಂದ ಕುಮಾರ್ ಅವರು ಆ ಟಿಪ್ಪಣಿಗಳನ್ನು ಪರಿಶೀಲಿಸಿ, 1997ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದ ಮೇಲೆಯೇ ಅವರಿಗೆ ನ್ಯಾಯ ದೊರೆಯಿತು. ಆ ಮಗಳು ತಾನು ಯಾರೆಂದು ಸಾರ್ವಜನಿಕವಾಗಿ ಹೇಳಿಕೊಂಡದ್ದು ತನ್ನ 25ನೆಯ ವಯಸ್ಸಿನಲ್ಲಿ.

ಇನ್ನೂ ಕಠಿಣವಾದ ಪ್ರಶ್ನೆ ದಾನಿಯದು. ಅಂಡಾಣುವೋ ವೀರ್ಯಾಣುವೋ ಬೇರೊಬ್ಬರದಾದರೆ ಮಗು ಯಾರ ಕುಲದ್ದು, ಯಾವ ಬೆಡಗಿನದು ಎಂದು ಹಿರಿಯರು ಕೇಳುತ್ತಾರೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ಶರಣರು ನಿರಾಕರಿಸಿದರು. ಗರ್ಭಕ್ಕೆ ಎಂಟನೆಯ ತಿಂಗಳಲ್ಲಿ ಲಿಂಗಧಾರಣೆ ಮಾಡುವ ಸಂಸ್ಕಾರ ನಮ್ಮಲ್ಲಿದೆ. ತಾಯಿಯ ಹೊಟ್ಟೆಯಲ್ಲಿರುವ ಶಿಶುವಿಗೆ ಲಿಂಗವನ್ನು ಕೊಡುವಾಗ ಗುರು ಬೀಜದ ಮೂಲವನ್ನು ಕೇಳುವುದಿಲ್ಲ. ನಾವು ಕೇಳುವುದಾದರೂ ಏಕೆ?

ಈ ವಿಷಯದಲ್ಲಿ ಕಾನೂನೂ ಸ್ಪಷ್ಟವಾಗಿದೆ. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆಯ ಪ್ರಕಾರ ಹೀಗೆ ಹುಟ್ಟಿದ ಮಗು ಚಿಕಿತ್ಸೆ ಪಡೆದ ದಂಪತಿಗಳ ಸ್ವಂತ ಮಗುವೇ. ಅದಕ್ಕೆ ಎಲ್ಲ ಹಕ್ಕುಗಳೂ ಉಂಟು. ದಾನಿಗೆ ಮಗುವಿನ ಮೇಲೆ ಅಧಿಕಾರವಿಲ್ಲ. ಆದ್ದರಿಂದ ಹೊಲದ ಪಾಲು ಕೇಳುವ ದಿನ ದಾಯಾದಿಗಳು ಹುಟ್ಟಿನ ಕಥೆಯನ್ನು ಕೆದಕಿದರೂ ಅದು ನಿಲ್ಲುವುದಿಲ್ಲ. ಗಂಡುಮಗುವನ್ನೇ ಆರಿಸಿಕೊಡುತ್ತೇವೆ ಎಂಬುದು ಅಪರಾಧ. ಅಂಥ ಕೇಂದ್ರದಿಂದ ದೂರವಿರಬೇಕು.

ಖರ್ಚಿನ ಮಾತನ್ನೂ ಬಿಡುವಂತಿಲ್ಲ. ಒಂದು ಸಲದ ಚಿಕಿತ್ಸೆಗೇ ಲಕ್ಷ ದಾಟಬಹುದು, ಫಲದ ಖಾತ್ರಿಯಿಲ್ಲ. ಹೆಂಡತಿಯ ವಯಸ್ಸು 35 ದಾಟಿದಂತೆ ಯಶಸ್ಸು ಇಳಿಯುತ್ತದೆ. ಮಳೆ ಕೈಕೊಟ್ಟ ವರ್ಷ ತೊಗರಿ ಬೆಳೆಗಾರನಿಗೆ ಇದು ಹೊಲ ಅಡವಿಡುವ ಮಾತು. ಯಶಸ್ಸಿನ ಸಾಧ್ಯತೆ, ಖರ್ಚು, ಅಡ್ಡಪರಿಣಾಮ, ದತ್ತು ಸ್ವೀಕಾರದ ದಾರಿ, ಇವೆಲ್ಲವನ್ನೂ ಮುಂಚಿತವಾಗಿ ತಿಳಿಸಿಹೇಳುವುದು ಚಿಕಿತ್ಸಾ ಕೇಂದ್ರದ ಕರ್ತವ್ಯವೆಂದು ಅದೇ ಕಾಯ್ದೆ ವಿಧಿಸಿದೆ. ಹಣ ಕಟ್ಟುವ ಮೊದಲು ಗಂಡಹೆಂಡಿರಿಬ್ಬರೂ ಕೂಡಿ ಕುಳಿತು ಅದನ್ನು ಕೇಳಿ ತಿಳಿಯಲಿ. ಜೊತೆಗೆ ಅತ್ತೆಯವರೂ ಬಂದರೆ ಇನ್ನೂ ಒಳ್ಳೆಯದು.