ಕಚೇರಿ ಹತ್ತಿರ ಬಂತು, ಇನ್ನು ಲೆಕ್ಕ ಕೇಳೋಣ

ಬೆಳಗಾವಿ ಜಿಲ್ಲೆಯ ಯರಗಟ್ಟಿ ಮೊದಲು ಸವದತ್ತಿ ತಾಲೂಕಿಗೆ ಸೇರಿತ್ತು. ಈಗ ಅದೇ ಒಂದು ತಾಲೂಕು. ನಮ್ಮ ಕರಾವಳಿಯ ಬೈಂದೂರು, ಬ್ರಹ್ಮಾವರ, ಕಾಪು, ಕಡಬಗಳೂ ಹೀಗೆಯೇ ಹೊಸ ತಾಲೂಕುಗಳಾದವು. ಪಹಣಿಗೋ ಪಿಂಚಣಿಗೋ ಜನ ದೂರ ಅಲೆಯುವುದು ತಪ್ಪಲೆಂದು ಈ ಏರ್ಪಾಡು. ಆದರೆ ಕಚೇರಿ ಹತ್ತಿರ ಬಂದ ಮಾತ್ರಕ್ಕೆ ಕಡತ ಕದಲುವುದಿಲ್ಲ. ಯರಗಟ್ಟಿಯಲ್ಲಾಗಲಿ ನಮ್ಮೂರಿನಲ್ಲಾಗಲಿ, ಬರಹದಲ್ಲಿ ಕೇಳಿ ದಿನ ಎಣಿಸುವವರು ಬೇಕು. ಅದಕ್ಕೆ ಕಾನೂನು ಕೊಟ್ಟಿರುವ ಮೂರು ದಾರಿಗಳನ್ನು ಇಲ್ಲಿ ತಿಳಿಸುತ್ತಿದ್ದೇವೆ.

ಸಕಾಲ
ಈ ಕಾಯ್ದೆ 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಇದರ ಪಟ್ಟಿಯಲ್ಲಿರುವ ಪ್ರತಿ ಸೇವೆಗೂ ಗಡುವು ಇದೆ. ಅರ್ಜಿ ಕೊಟ್ಟಾಗ 15 ಅಂಕೆಗಳ ಸಂಖ್ಯೆಯಿರುವ ಸ್ವೀಕೃತಿ ಚೀಟಿಯನ್ನು ಕೇಳಿ ಪಡೆಯಿರಿ. ಗಡುವು ಮೀರಿದರೆ ಮೇಲ್ಮನವಿ ಸಲ್ಲಿಸಬಹುದು. ತಡವಾದ ದಿನಕ್ಕೆ 20 ರೂ.ನಂತೆ, ಹೆಚ್ಚೆಂದರೆ 500 ರೂ. ಪರಿಹಾರವಿದೆ. ಮೊತ್ತ ಚಿಕ್ಕದು. ಆದರೆ ಅದನ್ನು ತಡಮಾಡಿದ ನೌಕರರ ಸಂಬಳದಿಂದಲೇ ವಸೂಲು ಮಾಡಲು ಅವಕಾಶವಿದೆ.

ಮಾಹಿತಿ ಹಕ್ಕು
ಊರಿನ ರಸ್ತೆಗೋ ಶಾಲೆಯ ಕಟ್ಟಡಕ್ಕೋ ಹಣ ಖರ್ಚಾಗಿದೆ, ಕೆಲಸ ಕಾಣುವುದಿಲ್ಲ ಎಂದಿಟ್ಟುಕೊಳ್ಳಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ರಾಜ್ಯದ ಕಚೇರಿಗಳಿಗೆ ಶುಲ್ಕ 10 ರೂ.; ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. "ಯಾಕೆ ಹೀಗಾಯಿತು?" ಎಂದು ಕೇಳಿದರೆ ಪ್ರಯೋಜನವಿಲ್ಲ. ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲು ಇವುಗಳ ಪ್ರತಿ ಕೇಳಬೇಕು. 30 ದಿನದೊಳಗೆ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲಿಯೂ ನ್ಯಾಯ ಸಿಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಆಯೋಗವು ದಿನಕ್ಕೆ 250 ರೂ.ನಂತೆ 25,000 ರೂ.ವರೆಗೆ ದಂಡ ಹಾಕಬಹುದು.

ಲೋಕಾಯುಕ್ತ
1984ರ ಕಾಯ್ದೆಯಿಂದ ಹುಟ್ಟಿದ ಈ ಸಂಸ್ಥೆಯ ಬಲವನ್ನು ರಾಜ್ಯ 2011ರಲ್ಲಿ ಕಂಡಿತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಅಕ್ರಮ ಗಣಿಗಾರಿಕೆ ವರದಿಯ ಬಳಿಕ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. 2016ರಲ್ಲಿ ಸರ್ಕಾರ ಲಂಚದ ತನಿಖೆಯನ್ನು ಭ್ರಷ್ಟಾಚಾರ ನಿಗ್ರಹ ದಳಕ್ಕೆ ವಹಿಸಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ದಳವನ್ನೇ ರದ್ದುಪಡಿಸಿ ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಗೆ ಮರಳಿಸಿತು. ಕಾವಲುಗಾರನನ್ನೂ ಕಾಯುವವರು ಬೇಕೆಂಬುದಕ್ಕೆ ಇದೇ ಸಾಕ್ಷಿ.

ಒಂದು ಎಚ್ಚರಿಕೆ: 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಮಾತ್ರ ರಕ್ಷಣೆ. "ಹೋಗಲಿ, ಕೆಲಸ ಆಯಿತಲ್ಲ" ಎಂದು ಸುಮ್ಮನಾದರೆ ನಾವೂ ತಪ್ಪಿತಸ್ಥರೇ. ಕೊಡುವ ಮೊದಲೇ ದೂರು ಕೊಡುವುದು ಎಲ್ಲಕ್ಕಿಂತ ಒಳ್ಳೆಯದು.

ನಮ್ಮ ಮನೆಯಿಂದಲೇ
ಸಂತ ಲೂಕರ ಶುಭಸಂದೇಶದ 16ನೇ ಅಧ್ಯಾಯದಲ್ಲಿ ಯಜಮಾನ ತನ್ನ ಪಾರುಪತ್ಯಗಾರನಿಂದ ಲೆಕ್ಕ ಕೇಳುತ್ತಾನೆ. ಧರ್ಮಸಭೆಯೂ ಈ ಮಾತಿಗೆ ಹೊರತಲ್ಲ. ಪ್ರತಿ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಬೇಕು, ವಿಶ್ವಾಸಿಗಳು ಕೊಟ್ಟ ಕಾಣಿಕೆಯ ಲೆಕ್ಕವನ್ನು ಅವರಿಗೆ ಒಪ್ಪಿಸಬೇಕು ಎಂದು 1983ರ ಧರ್ಮಸಭಾ ಕಾನೂನಿನ 537 ಮತ್ತು 1287ನೇ ವಿಧಿಗಳು ಹೇಳುತ್ತವೆ. ಚರ್ಚಿನ ಫಲಕದಲ್ಲಿ ಲೆಕ್ಕ ಹಾಕುವವರು ಪಂಚಾಯತಿಯಲ್ಲೂ ಧೈರ್ಯದಿಂದ ಲೆಕ್ಕ ಕೇಳಬಲ್ಲರು.

ಪ್ರತಿ ವಾಳೆಯಲ್ಲಿ ಅರ್ಜಿ ಬರೆದುಕೊಡಬಲ್ಲ ಇಬ್ಬರು ಯುವಜನರಿದ್ದರೆ ಸಾಕು. ಓದು ಬಾರದ ಅಜ್ಜಿಯ ನಿಂತುಹೋದ ಪಿಂಚಣಿಗೆ ಮೊದಲ ಅರ್ಜಿ ಬರೆಯಿರಿ. ಸ್ವೀಕೃತಿ ಚೀಟಿಯನ್ನು ಅವರ ಕೈಯಲ್ಲೇ ಕೊಡಿ.