ಅಂತರ್ಮುಖಿ ಚಿಂತನ ಪ್ರಕಾರ

ಅಂತರ್ಮುಖಿ ಚಿಂತನ ಪ್ರಕಾರವು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಗುಸ್ಟಾಫ್ ಯೂಂಗ್ (1875–1961) ವಿವರಿಸಿದ ಎಂಟು ವ್ಯಕ್ತಿತ್ವ ಪ್ರಕಾರಗಳಲ್ಲಿ ಒಂದು. ಗಮನವನ್ನು ಹೊರಗಿನ ಸಂಗತಿಗಳಿಗಿಂತ ತಮ್ಮೊಳಗಿನ ವಿಚಾರಗಳತ್ತ ತಿರುಗಿಸಿ, ತರ್ಕದ ಮೂಲಕ ನಿರ್ಣಯಕ್ಕೆ ಬರುವುದು ಈ ಪ್ರಕಾರದವರ ಮುಖ್ಯ ಲಕ್ಷಣ. ಇತರರೊಡನೆ ಭಾವನೆಗಳನ್ನು ಹಂಚಿಕೊಳ್ಳಬೇಕಾದ ಸಂದರ್ಭಗಳಲ್ಲಿ ಇವರು ತೊಡಕು ಅನುಭವಿಸುತ್ತಾರೆಂದು ಈ ಸಿದ್ಧಾಂತ ಹೇಳುತ್ತದೆ. ಇವರಲ್ಲಿ ಭಾವನೆಗಳೇ ಇಲ್ಲವೆಂಬುದು ಅದರ ಅರ್ಥವಲ್ಲ.

ಹಿನ್ನೆಲೆ

1921ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ‘ಮನೋವೈಜ್ಞಾನಿಕ ಪ್ರಕಾರಗಳು’ ಎಂಬ ಗ್ರಂಥದಲ್ಲಿ ಯೂಂಗ್ ಅವರು ಚಿಂತನೆ, ಭಾವನೆ, ಸಂವೇದನೆ, ಅಂತರ್ಬೋಧೆ ಎಂಬ ನಾಲ್ಕು ಮನೋವ್ಯಾಪಾರಗಳನ್ನು ಗುರುತಿಸಿದರು. ಇವು ಅಂತರ್ಮುಖಿ ಅಥವಾ ಬಹಿರ್ಮುಖಿಯಾಗಿರಬಹುದಾದ್ದರಿಂದ ಒಟ್ಟು ಎಂಟು ಪ್ರಕಾರಗಳಾಗುತ್ತವೆ. ಯೂಂಗ್ ಅವರ ಪರಿಭಾಷೆಯಲ್ಲಿ ‘ಭಾವನೆ’ ಎಂದರೆ ಕೋಪ, ದುಃಖಗಳಂಥ ಆವೇಗವಲ್ಲ. ಒಂದು ವಸ್ತು ಅಥವಾ ವ್ಯಕ್ತಿ ತನಗೆಷ್ಟು ಮುಖ್ಯ, ಹಿತವೋ ಅಹಿತವೋ ಎಂದು ಬೆಲೆ ಕಟ್ಟುವ ವ್ಯಾಪಾರ. ಆದ್ದರಿಂದಲೇ ಅವರು ಚಿಂತನೆಯಂತೆ ಭಾವನೆಯನ್ನೂ ವಿವೇಚನೆಯ ವ್ಯಾಪಾರವೆಂದು ವರ್ಗೀಕರಿಸಿದರು. ಜನಪ್ರಿಯ ಬರಹಗಳಲ್ಲಿ ಈ ಭೇದ ಸಾಮಾನ್ಯವಾಗಿ ಮರೆಯಾಗುತ್ತದೆ.

ಭಾವನೆಯ ತೊಡಕು

ಯಾವುದೇ ಒಂದು ಮನೋವ್ಯಾಪಾರ ಪ್ರಬಲವಾಗಿ ಬೆಳೆದಾಗ ಅದರ ವಿರುದ್ಧ ವ್ಯಾಪಾರವು ಬಳಕೆಯಿಲ್ಲದೆ ಹಿಂದುಳಿಯುತ್ತದೆ ಎಂಬುದು ಯೂಂಗ್ ಅವರ ವಾದ. ಚಿಂತನೆಯನ್ನೇ ನೆಚ್ಚಿದವರಲ್ಲಿ ಹೀಗೆ ಹಿಂದುಳಿಯುವುದು ಭಾವನೆ. ಅವರ ಶಿಷ್ಯೆ ಮರೀ-ಲೂಯಿಸ್ ಫಾನ್ ಫ್ರಾನ್ಸ್ ಈ ಹಿಂದುಳಿದ ವ್ಯಾಪಾರವು ನಿಧಾನವಾಗಿಯೂ ಬೇಗ ನೋಯುವಂಥದ್ದಾಗಿಯೂ ಇರುತ್ತದೆಂದು ವಿವರಿಸಿದ್ದಾರೆ.

ಗೆಳೆಯನೊಬ್ಬ ಕೆಲಸ ಕಳೆದುಕೊಂಡ ಸುದ್ದಿ ಹೇಳಿದಾಗ ಇಂಥ ವ್ಯಕ್ತಿಯು ಸಮಾಧಾನದ ಮಾತಿಗೆ ಬದಲಾಗಿ ಕಾರಣಗಳನ್ನು ವಿಚಾರಿಸಬಹುದು, ಮುಂದಿನ ದಾರಿಯನ್ನು ಲೆಕ್ಕ ಹಾಕಬಹುದು. ಹೇಳುವವರ ದೃಷ್ಟಿಯಲ್ಲಿ ಅದೇ ನೆರವು. ಕೇಳುವವರಿಗೆ ಅದು ತನಿಖೆಯಂತೆ ತೋರುತ್ತದೆ. ಸಾವಿನ ಮನೆಯಲ್ಲಿ ಯಾವ ಮಾತೂ ಕೃತಕವಾದೀತೆಂಬ ಅಳುಕಿನಿಂದ ಇವರು ಮೌನವಾಗಿ ನಿಲ್ಲುವುದೂ ಉಂಟು. ತಮಗೆ ನಿಜವಾಗಿ ಏನನ್ನಿಸಿತೆಂಬುದು ಗಂಟೆಗಳ ಅಥವಾ ದಿನಗಳ ಬಳಿಕ ಸ್ಪಷ್ಟವಾಗುತ್ತದೆ. ಅಷ್ಟರಲ್ಲಿ ಹೇಳುವ ಹೊತ್ತು ಮೀರಿರುತ್ತದೆ. ಹೊರಗಿನವರು ಇದನ್ನು ನಿರ್ದಯತೆ ಅಥವಾ ಅಹಂಕಾರವೆಂದು ಭಾವಿಸುತ್ತಾರೆ. ಹತ್ತಿರದಿಂದ ಬಲ್ಲವರು ಮಾತ್ರ ಇವರ ಸ್ನೇಹವನ್ನು ಬಹಳ ಬೆಲೆಯುಳ್ಳದ್ದೆಂದು ಕಾಣುತ್ತಾರೆಂದು ಯೂಂಗ್ ಬರೆದಿದ್ದಾರೆ. ಇವರು ಒಳ್ಳೆಯ ಬೋಧಕರಾಗುವುದು ವಿರಳವೆಂಬುದೂ ಅವರ ಅಭಿಪ್ರಾಯ: ಪಾಠ ಹೇಳುವಾಗಲೂ ಇವರ ಮನಸ್ಸು ವಿಷಯದಲ್ಲಿ ನೆಟ್ಟಿರುತ್ತದೆಯೇ ಹೊರತು ಕೇಳುವವರಲ್ಲಲ್ಲ.

ಈ ಪ್ರಕಾರಕ್ಕೆ ಯೂಂಗ್ ನೀಡಿದ ಉದಾಹರಣೆ ಜರ್ಮನ್ ತತ್ತ್ವಜ್ಞಾನಿ ಇಮ್ಯಾನ್ಯುಯೆಲ್ ಕಾಂಟ್. ಬಹಿರ್ಮುಖಿ ಚಿಂತನೆಗೆ ಚಾರ್ಲ್ಸ್ ಡಾರ್ವಿನ್. ಆದರೆ ಕಾಂಟ್ ಊಟಕ್ಕೆ ಅತಿಥಿಗಳನ್ನು ಕರೆದು ಹರಟೆಯಲ್ಲಿ ಹೊತ್ತು ಕಳೆಯುತ್ತಿದ್ದ ಆತಿಥ್ಯಪ್ರಿಯರೂ ಆಗಿದ್ದರು. ಅಂತರ್ಮುಖಿಯೆಂದರೆ ಜನರಿಂದ ದೂರವಿರುವವನೆಂಬ ತಿಳಿವಳಿಕೆ ಇಲ್ಲಿ ಹೊಂದುವುದಿಲ್ಲ.

ಮುಂದಿನ ಬೆಳವಣಿಗೆ

ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಬ್ರಿಗ್ಸ್ ಮೈಯರ್ಸ್ ಯೂಂಗ್ ಅವರ ವಿಚಾರಗಳನ್ನು ಆಧರಿಸಿ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಹದಿನಾರು ಪ್ರಕಾರಗಳುಳ್ಳ ಈ ಮೈಯರ್ಸ್-ಬ್ರಿಗ್ಸ್ ಸೂಚಿಯಲ್ಲಿ ಐಎನ್‌ಟಿಪಿ ಮತ್ತು ಐಎಸ್‌ಟಿಪಿ ಎಂಬ ಎರಡು ಗುಂಪುಗಳಿಗೆ ಅಂತರ್ಮುಖಿ ಚಿಂತನೆ ಪ್ರಧಾನ.

ಟೀಕೆ

1989ರಲ್ಲಿ ರಾಬರ್ಟ್ ಮೆಕ್ರೇ ಮತ್ತು ಪಾಲ್ ಕೋಸ್ಟಾ ಈ ಸೂಚಿಯ ಅಂಕಗಳನ್ನು ಪರಿಶೀಲಿಸಿ, ಅವು ಜನರನ್ನು ಪ್ರತ್ಯೇಕ ಪ್ರಕಾರಗಳಾಗಿ ವಿಂಗಡಿಸುತ್ತವೆಂಬುದಕ್ಕೆ ಆಧಾರವಿಲ್ಲವೆಂದು ತೋರಿಸಿದರು. ಬಹುತೇಕರು ಚಿಂತನೆ–ಭಾವನೆಗಳ ಎರಡು ತುದಿಗಳಲ್ಲಿರದೆ ನಡುವೆ ಎಲ್ಲೋ ಇರುತ್ತಾರೆ. ಹಾಗಾಗಿ ‘ನನ್ನ ಪ್ರಕಾರವೇ ಹೀಗೆ’ ಎಂಬ ಮಾತು ವಿವರಣೆಗಿಂತ ನೆಪವಾಗುವ ಸಾಧ್ಯತೆಯಿದೆ.

ತನ್ನ ಭಾವನೆಗಳನ್ನು ಗುರುತಿಸಿ ಹೆಸರಿಸಲು ತೀವ್ರ ಕಷ್ಟಪಡುವ ಸ್ಥಿತಿಯನ್ನು ಪೀಟರ್ ಸಿಫ್ನಿಯೋಸ್ 1970ರ ದಶಕದ ಆರಂಭದಲ್ಲಿ ‘ಅಲೆಕ್ಸಿಥೈಮಿಯಾ’ ಎಂದು ಕರೆದರು. ಭಾವನೆಗೆ ಪದಗಳಿಲ್ಲದಿರುವುದೆಂಬುದು ಈ ಗ್ರೀಕ್ ಮೂಲದ ಹೆಸರಿನ ಅರ್ಥ. ಇದನ್ನು ಅಳೆಯಲು ಬೇರೆಯೇ ಮಾಪಕಗಳಿವೆ. ಅಂತರ್ಮುಖಿಯಾಗಿರುವುದಾಗಲಿ ತರ್ಕಪ್ರಿಯತೆಯಾಗಲಿ ಅದರ ಗುರುತಲ್ಲ.